ಫೋಮ್ ಹಲಗೆಯ ಮೇಲೆ ಮಾದರಿ ರೈಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಾದರಿ ರೈಲಿನ ಹಳಿ ಹಾಸಲು ಪ್ಲೈವುಡ್ ಬದಲು ಫೋಮ್ ಹಲಗೆ ಬಳಸುವ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರಗಳು ಬೇರೆ ಬೇರೆಯಾದರೂ ತೊಂದರೆಯ ಬೇರು ಹೆಚ್ಚುಕಡಿಮೆ ಒಂದೇ. ಮರದ ಹಲಗೆಯಾದರೆ ಮೊದಲು ಹಳಿ ಹಾಸಿ, ಆಮೇಲೆ ಅಡಿಗೆ ನುಸುಳಿ ವೈರು, ಮೋಟಾರು ಕೂರಿಸಿದರೂ ನಡೆಯುತ್ತದೆ. ಫೋಮಿನಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಅಡಿಯ ಕೆಲಸ ಮೊದಲು, ಹಳಿ ಕೊನೆಗೆ.

ಪ್ರಶ್ನೆ: ಪ್ಯಾಕಿಂಗಿಗೆ ಬಂದ ದಪ್ಪ ಥರ್ಮಾಕೋಲ್ ಮನೆಯಲ್ಲಿ ಬೇಕಾದಷ್ಟು ಬಿದ್ದಿದೆ. ಅದನ್ನೇ ಹಾಸಿ ಎಚ್‌ಓ ಅಳತೆಯ (ನಿಜದ 87ರಲ್ಲಿ ಒಂದು ಪಾಲು) ರೈಲು ಓಡಿಸಬಹುದೇ? ನೀಲಿ, ಗುಲಾಬಿ ಹಲಗೆಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಎರಡೂ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕೇ. ಮಾಡುವ ಬಗೆ ಬೇರೆ, ಹಾಗಾಗಿ ಗುಣವೂ ಬೇರೆ. ಥರ್ಮಾಕೋಲ್ ಎಂದರೆ ಸಣ್ಣ ಮಣಿಗಳನ್ನು ಹಬೆಯಲ್ಲಿ ಉಬ್ಬಿಸಿ, ಅಚ್ಚಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡಿದ್ದು. ಕತ್ತರಿಸಿದರೆ ಮಣಿ ಉದುರುತ್ತದೆ, ಅಂಚು ನೇರ ಬರುವುದಿಲ್ಲ, ಹಳಿಯ ಪಕ್ಕ ಬೆರಳೂರಿದರೆ ಗುಳಿ ಬೀಳುತ್ತದೆ. ಉದುರಿದ ಮಣಿ ಎಂಜಿನ್ನಿನ ಗಾಲಿಗೂ ಗೇರಿಗೂ ಸಿಕ್ಕಿಕೊಳ್ಳುವುದು ಇನ್ನೊಂದು ಕಾಟ.

ನೀಲಿ, ಗುಲಾಬಿ ಹಲಗೆಗಳು ಎಕ್ಸ್‌ಪಿಎಸ್. ಕರಗಿದ ಪ್ಲಾಸ್ಟಿಕ್ಕಿಗೆ ಅನಿಲ ಬೆರೆಸಿ, ಅಚ್ಚಿನ ಸೀಳಿನಿಂದ ಒತ್ತಿ ಹೊರತೆಗೆದದ್ದು. ಒಳಗೆಲ್ಲ ಒಂದೇ ಸಮನಾದ ಮುಚ್ಚಿದ ಗುಳ್ಳೆಗಳು. ನೀರು ಹೀರುವುದಿಲ್ಲ ಎನ್ನುವಷ್ಟು ಕಡಿಮೆ, ಮಳೆಗಾಲದಲ್ಲಿ ಎಂಡಿಎಫ್ ಹಲಗೆಯ ಹಾಗೆ ಊದಿಕೊಳ್ಳುವ ಭಯವಿಲ್ಲ. ಗುರುತು ಸುಲಭ: ಒಂದು ಮೂಲೆ ಮುರಿದು ನೋಡಿ. ಸಾಬೂದಾಣಿಯಂಥ ಮಣಿ ಕಂಡರೆ ಥರ್ಮಾಕೋಲ್, ಮುರಿದ ಜಾಗ ನುಣ್ಣಗೆ ಒಂದೇ ತೆರನಾಗಿದ್ದರೆ ಎಕ್ಸ್‌ಪಿಎಸ್. ಬಣ್ಣ ಕಂಪನಿಯ ಗುರುತು ಅಷ್ಟೆ, ಗಟ್ಟಿತನದ ಗುರುತಲ್ಲ. ಗಟ್ಟಿತನ ತಿಳಿಯಲು ಹಲಗೆಯ ಮೇಲೆ ಅಚ್ಚಾಗಿರುವ ಕಿಲೋಪ್ಯಾಸ್ಕಲ್ ಸಂಖ್ಯೆ ನೋಡಿ. 200 ಎಂದಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕೆ.ಜಿ. ಒತ್ತಡದ ಲೆಕ್ಕ; ಅರ್ಧ ಕೆ.ಜಿ.ಯೂ ತೂಗದ ಎಂಜಿನ್ನಿಗೆ ಅದು ಧಾರಾಳವಾಯಿತು. ಹಲಗೆ ಜಗ್ಗುವುದು ರೈಲಿನ ಭಾರಕ್ಕಲ್ಲ, ನಮ್ಮ ಮೊಣಕೈಗೆ.

ನಿಮ್ಮಲ್ಲಿರುವ ಥರ್ಮಾಕೋಲನ್ನು ಎಸೆಯಬೇಡಿ. ಗುಡ್ಡದ ಒಳತುಂಬಿಗೆ ಅದು ಚೆನ್ನಾಗಿಯೇ ಆಗುತ್ತದೆ. ಹಳಿಯ ಅಡಿಗೆ ಮಾತ್ರ 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ತನ್ನಿ.

ಪ್ರಶ್ನೆ: 1200 × 2400 ಮಿ.ಮೀ. ಜಾಗದಲ್ಲಿ ಲೇಔಟ್ ಮಾಡಬೇಕು. ಫೋಮ್ ಹಲಗೆಯನ್ನು ನೇರವಾಗಿ ಎರಡು ಮೇಜುಗಳ ಮೇಲಿಟ್ಟರೆ ಸಾಲದೇ? ಚೌಕಟ್ಟು ಬೇಕೇ ಬೇಕೆಂದರೆ ಮರ ಎಷ್ಟು ಬೇಕಾದೀತು?

ಉತ್ತರ: ಎರಡು ಮೇಜುಗಳ ನಡುವಿನ ಜಾಗದಲ್ಲಿ ಹಲಗೆ ಮೊದಲ ದಿನ ನೆಟ್ಟಗಿರುತ್ತದೆ. ತಿಂಗಳುಗಟ್ಟಲೆ ಭಾರ ಹೊತ್ತರೆ ಫೋಮ್ ನಿಧಾನಕ್ಕೆ ಜೋಲುತ್ತದೆ, ಜೋತದ್ದು ಹಿಂದಕ್ಕೆ ಬರುವುದಿಲ್ಲ. ಚೌಕಟ್ಟು ಬೇಕು. ಆದರೆ ಮೇಲೆ ಪ್ಲೈವುಡ್ ಹಾಸಬೇಕಾಗಿಲ್ಲ. ಹಾಸಿದರೆ ಫೋಮಿನ ಲಾಭ ಅರ್ಧ ಹೋದಂತೆ. ನಿಮ್ಮ ಅಳತೆಗೆ 12 ಮಿ.ಮೀ. ಪ್ಲೈ ಒಂದೇ ಸುಮಾರು 20 ಕೆ.ಜಿ. ಬರುತ್ತದೆ, 50 ಮಿ.ಮೀ. ಎಕ್ಸ್‌ಪಿಎಸ್ 5 ಕೆ.ಜಿ. ಒಳಗೆ.

18 × 70 ಮಿ.ಮೀ. ಒಣ ಮರದ ಪಟ್ಟಿ ಅಥವಾ ಅದೇ ಅಗಲಕ್ಕೆ ಸೀಳಿದ ಪ್ಲೈ ತೆಗೆದುಕೊಂಡು, ಪಟ್ಟಿಯನ್ನು ಲಂಬವಾಗಿ ನಿಲ್ಲಿಸಿ ಏಣಿಯ ಹಾಗೆ ಚೌಕಟ್ಟು ಕಟ್ಟಿ. ಉದ್ದದ ಪಟ್ಟಿ 2400 ಮಿ.ಮೀ.ನವು ಎರಡು. ಅವುಗಳ ನಡುವೆ ಕೂರುವ ಅಡ್ಡಪಟ್ಟಿ 1164 ಮಿ.ಮೀ.ನವು, 1200ರಲ್ಲಿ ಎರಡೂ ಬದಿಯ 18 ಕಳೆದು ಬಂದ ಅಳತೆ ಇದು. 50 ಮಿ.ಮೀ. ಫೋಮಿಗೆ ಅಡ್ಡಪಟ್ಟಿಗಳ ನಡುವೆ 600 ಮಿ.ಮೀ. ಅಂತರ ಸಾಕು, ಅಂದರೆ ತುದಿಯವೂ ಸೇರಿ ಐದು. ಒಟ್ಟು ಹತ್ತೂವರೆ ಮೀಟರ್ ಚಿಲ್ಲರೆ. ತುಂಡು ಹಾಳಾಗುವುದನ್ನೂ ಸೇರಿಸಿ 12 ಮೀಟರ್ ತನ್ನಿ. 25 ಮಿ.ಮೀ. ಫೋಮ್ ಮಾತ್ರ ಹಾಕುವುದಾದರೆ ಅಂತರ 300ಕ್ಕೆ ಇಳಿಸಬೇಕು, ಆಗ ಅಡ್ಡಪಟ್ಟಿ ಒಂಬತ್ತಾಗುತ್ತದೆ, ಉಳಿಸಿದ ತೂಕ ಮರದಲ್ಲಿ ವಾಪಸ್ ಬರುತ್ತದೆ. ಅದು ಲಾಭದ ವ್ಯವಹಾರವಲ್ಲ.

ಒಂದು ಕಡೆ ಹಲವರು ಎಡವುತ್ತಾರೆ. ಫೋಮ್ ಹಲಗೆ ಸಾಮಾನ್ಯವಾಗಿ 600 × 1200 ಅಳತೆಯಲ್ಲಿ ಸಿಗುತ್ತದೆ, ನಿಮಗೆ ನಾಲ್ಕು ಬೇಕು. ಎರಡು ಹಲಗೆ ಸೇರುವ ಗೆರೆ ಸರಿಯಾಗಿ ಅಡ್ಡಪಟ್ಟಿಯ ಮೇಲೆ ಬರುತ್ತದೇನೋ ನಿಜ. ಆದರೆ 18 ಮಿ.ಮೀ. ಪಟ್ಟಿಯಲ್ಲಿ ಒಂದೊಂದು ಹಲಗೆಗೆ ಸಿಗುವ ಆಸರೆ 9 ಮಿ.ಮೀ. ಮಾತ್ರ. ಆ ಅಡ್ಡಪಟ್ಟಿಯ ಎರಡೂ ಮಗ್ಗುಲಿಗೆ, ಮೇಲಂಚಿಗೆ ಸಮನಾಗಿ 18 × 18ರ ರೀಪು ಹೊಡೆದರೆ ಆಸರೆ 27 ಮಿ.ಮೀ. ಆಗುತ್ತದೆ. ಇಲ್ಲದಿದ್ದರೆ ಕಾಲಕ್ರಮದಲ್ಲಿ ಒಂದು ಹಲಗೆ ಇನ್ನೊಂದಕ್ಕಿಂತ ಕೂದಲೆಳೆ ಕೆಳಗಿಳಿಯುತ್ತದೆ. ನಮ್ಮ ಕಣ್ಣಿಗೆ ಕಾಣದು, ಎಂಜಿನ್ನಿಗೆ ಕಾಣುತ್ತದೆ.

ಚೌಕಟ್ಟು ಸ್ಕ್ರೂ ಬಿಗಿಯುವ ಮುನ್ನ ಮೂಲೆಮಟ್ಟ ಹಿಡಿದು ನೋಡಿ, ಎರಡು ಕರ್ಣಗಳನ್ನೂ ಅಳೆದು ಸಮ ಮಾಡಿ. ಫೋಮ್ ಹಾಕುವ ಮುನ್ನ ರಸಮಟ್ಟ ಇಟ್ಟು ನೋಡಿ. ಚೌಕಟ್ಟು ತಿರುಚಿದ್ದರೆ ಫೋಮ್ ಅದರ ತಿರುಚನ್ನೇ ಅನುಸರಿಸುತ್ತದೆ, ನೇರ ಮಾಡುವ ಶಕ್ತಿ ಅದಕ್ಕಿಲ್ಲ. ಕೊನೆಗೆ ಸುತ್ತಲೂ 4 ಮಿ.ಮೀ. ಪ್ಲೈನ ಅಂಚುಪಟ್ಟಿ ಹೊಡೆಯಿರಿ. ಬರಿಯ ಫೋಮ್ ಅಂಚು ಬಂದುಹೋಗುವವರ ಸೊಂಟ ತಗುಲಿಯೇ ಸವೆಯುತ್ತದೆ. ಕಂಟ್ರೋಲರ್, ಸ್ವಿಚ್ಚು ಕೂರಿಸಲೂ ಆ ಪಟ್ಟಿ ಬೇಕು.

ಪ್ರಶ್ನೆ: 25 ಮಿ.ಮೀ.ನ ಎರಡು ಫೋಮ್ ಹಲಗೆಗಳನ್ನು ಬಿಳಿ ಮರದ ಅಂಟು ಬಳಿದು ಒಂದರ ಮೇಲೊಂದು ಕೂರಿಸಿದೆ. ನಾಲ್ಕು ದಿನವಾದ ಮೇಲೆ ಎತ್ತಿ ನೋಡಿದರೆ ನಡುವೆ ಅಂಟು ಇನ್ನೂ ಹಸಿ! ಆಮೇಲೆ ಚಪ್ಪಲಿಗೆ ಹಚ್ಚುವ ಹಳದಿ ಅಂಟು ಹಚ್ಚಿದೆ, ಫೋಮೇ ಕರಗಿ ಹೊಂಡವಾಯಿತು. ಯಾವುದನ್ನು ಹಚ್ಚಬೇಕು?

ಉತ್ತರ: ಎರಡೂ ಅಂಟು ತಮ್ಮ ಸ್ವಭಾವದಂತೆಯೇ ನಡೆದುಕೊಂಡಿವೆ. ಬಿಳಿ ಅಂಟು ಗಟ್ಟಿಯಾಗಬೇಕಾದರೆ ಅದರೊಳಗಿನ ನೀರು ಹೊರಹೋಗಬೇಕು. ಮರವಾದರೆ ಆ ನೀರನ್ನು ಹೀರುತ್ತದೆ. ಮೇಲೂ ಕೆಳಗೂ ನೀರು ಹೀರದ ಫೋಮ್ ಇದ್ದರೆ ನೀರು ಎಲ್ಲಿಗೆ ಹೋಗಬೇಕು? ಅಂಚಿನ ಎರಡು ಮೂರು ಸೆಂಟಿಮೀಟರ್ ಒಣಗಿ ಬಾಗಿಲು ಮುಚ್ಚಿದಂತಾಗುತ್ತದೆ, ಒಳಗಿನದು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಹಳದಿ ಅಂಟಿನಲ್ಲಿ ಟಾಲ್ಯೂಯಿನ್‌ನಂಥ ದ್ರಾವಕ ಇರುತ್ತದೆ. ಅದು, ಅಸಿಟೋನ್, ಪೆಟ್ರೋಲ್, ಥಿನ್ನರ್ ಎಲ್ಲವೂ ಪಾಲಿಸ್ಟೈರೀನನ್ನು ಕರಗಿಸುತ್ತವೆ. ಡಬ್ಬಿಯಿಂದ ಸಿಂಪಡಿಸುವ ಸ್ಪ್ರೇ ಪೇಂಟ್ ಕೂಡ ಬಹುಪಾಲು ಇದೇ ಜಾತಿ. ಫೋಮಿಗೆ ನೀರಿನ ಅಕ್ರಿಲಿಕ್ ಬಣ್ಣವೇ ಸರಿ.

ಫೋಮಿಗೆ ಫೋಮ್ ಕೂಡಿಸಲು ಎರಡು ದಾರಿ. ಒಂದು, ಪಾಲಿಸ್ಟೈರೀನಿಗೆ ಆಗುತ್ತದೆಂದು ಟ್ಯೂಬಿನ ಮೇಲೆಯೇ ಬರೆದಿರುವ, ಗನ್ನಿನಿಂದ ಒತ್ತುವ ನಿರ್ಮಾಣದ ಅಂಟು. ಇನ್ನೊಂದು ಪಾಲಿಯುರೆಥೇನ್ ಅಂಟು. ಇದಕ್ಕೆ ನೀರು ಹೊರಹೋಗಬೇಕಾಗಿಲ್ಲ, ಬದಲಿಗೆ ತೇವವೇ ಬೇಕು. ಒಂದು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇನ್ನೊಂದಕ್ಕೆ ಅಂಟನ್ನು ತೆಳ್ಳಗೆ ಹರಡಿ. ಒಣಗುವಾಗ ಅದು ನೊರೆಯಾಗಿ ಉಬ್ಬಿ ಮೇಲಿನ ಹಲಗೆಯನ್ನು ಎತ್ತುತ್ತದೆ, ಹಾಗಾಗಿ ಹಲಗೆಯ ತುಂಬ ಪುಸ್ತಕ ಹೇರಿ ಒಂದು ರಾತ್ರಿ ಬಿಡಬೇಕು.

ಫೋಮನ್ನು ಮರದ ಚೌಕಟ್ಟಿಗೆ ಕೂರಿಸಲು ಅಕ್ರಿಲಿಕ್ ಸೀಲಂಟ್ ಸಾಕು, ಮರ ತೇವ ಹೀರಿಕೊಳ್ಳುತ್ತದೆ. 300 ಮಿಲಿಲೀಟರ್ ಟ್ಯೂಬಿನಿಂದ 6 ಮಿ.ಮೀ. ದಪ್ಪದ ಗೆರೆ ಎಳೆದರೆ ಸುಮಾರು ಹತ್ತು ಮೀಟರ್ ಬರುತ್ತದೆ. ಹಿಂದಿನ ಉತ್ತರದಲ್ಲಿ ಹೇಳಿದ ಚೌಕಟ್ಟಿಗೆ ಒಂದು ಟ್ಯೂಬು ತುಸು ಬಿಗಿ, ಎರಡಿದ್ದರೆ ನಿರಾಳ.

ಅಂಟಿಸುವ ಮುನ್ನ ಎರಡು ಕೆಲಸ. ಕೆಲವು ಹಲಗೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಮೂಲೆಯಲ್ಲಿ ಉಗುರು ಹಾಕಿ ಕೆರೆದು ನೋಡಿ, ಇದ್ದರೆ ಪೂರ್ತಿ ಸುಲಿದುಬಿಡಿ. ಇಲ್ಲದಿದ್ದರೆ ಅಂಟು ಹಿಡಿದುಕೊಳ್ಳುವುದು ಪೊರೆಯನ್ನು, ಹಲಗೆಯನ್ನಲ್ಲ. ಪೊರೆ ಇಲ್ಲದಿದ್ದರೂ ಮೇಲ್ಮೈ ನುಣುಪಾಗಿರುತ್ತದೆ, 80ರ ಉಪ್ಪುಕಾಗದದಿಂದ ಒಮ್ಮೆ ಉಜ್ಜಿ ಒರಟು ಮಾಡಿ. ಯಾವ ಅಂಟೇ ಆಗಲಿ, ಮೊದಲು ತುಂಡಿನ ಮೇಲೆ ಹಚ್ಚಿ ಒಂದು ರಾತ್ರಿ ಬಿಟ್ಟು ನೋಡಿ. ಕೆಲವು ತಕ್ಷಣ ಕರಗಿಸುವುದಿಲ್ಲ, ಬೆಳಗಾಗುವುದರೊಳಗೆ ತಿಂದಿರುತ್ತವೆ.

ಬಿಸಿ ಅಂಟಿನ ಗನ್ನು ಬಳಸುವುದಾದರೆ 120 ಡಿಗ್ರಿ ಆಸುಪಾಸಿನ ಕಡಿಮೆ ಶಾಖದ್ದೇ ಆಗಬೇಕು. ಆದರೂ ಹಳಿ ಹಾಯುವ, ಮುಂದೆ ಕೆತ್ತಬೇಕಾದ ಜಾಗಗಳಲ್ಲಿ ಬೇಡ. ಒಣಗಿದ ಅಂಟಿನ ಗಂಟು ಚಾಕುವಿಗೂ ಬಗ್ಗದು, ಬಿಸಿ ತಂತಿಗೂ ಬಗ್ಗದು.

ಪ್ರಶ್ನೆ: ಫೋಮಿನಲ್ಲಿ ಹಳಿಯ ಮೊಳೆ ನಿಲ್ಲುತ್ತಲೇ ಇಲ್ಲ. ಅಂಟು ಹಾಕಿದರೆ ಮುಂದೆ ಹಳಿ ಬದಲಿಸಲು ಆಗುವುದಿಲ್ಲವಲ್ಲ?

ಉತ್ತರ: ಮೊಳೆ ನಿಲ್ಲಲು ಅದನ್ನು ಹಿಂಡಿ ಹಿಡಿಯುವ ನಾರು ಬೇಕು, ಫೋಮಿನಲ್ಲಿ ಅದಿಲ್ಲ. ಒಮ್ಮೆ ಒತ್ತಿದ ಗುಳ್ಳೆ ಒತ್ತಿದಂತೆಯೇ ಉಳಿಯುತ್ತದೆ. ಅಕ್ರಿಲಿಕ್ ಸೀಲಂಟಿನಲ್ಲಿ ಅಂಟಿಸಿ, ಬೇಕಾದಾಗ ಬಿಡಿಸಿಕೊಳ್ಳಿ. ತೆಳು ಪುಟ್ಟಿ ಅಲಗನ್ನು ಸ್ಲೀಪರ್ (ಹಳಿಯನ್ನು ಹೊರುವ ಅಡ್ಡತುಂಡು) ಅಡಿಗೆ ಮಟ್ಟಸವಾಗಿ ತೂರಿಸಿ ಸರಿಸುತ್ತ ಹೋದರೆ ಹಳಿ ಮುರಿಯದೆ ಎದ್ದು ಬರುತ್ತದೆ. ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣವೂ ಕೂರುವುದಿಲ್ಲ, ಜಲ್ಲಿಯ ಅಂಟೂ ಹಿಡಿಯುವುದಿಲ್ಲ.

ಕ್ರಮ ಹೀಗೆ. ಹಳಿಯ ನಡುಗೆರೆಯನ್ನು ಫೋಮಿನ ಮೇಲೆ ಬರೆಯಿರಿ. ಅದರ ಇಕ್ಕೆಲಕ್ಕೂ ಕಾರ್ಕ್ ಪಟ್ಟಿ ಅಂಟಿಸಿ. ಎಚ್‌ಓಗೆ 5 ಮಿ.ಮೀ., ಅದಕ್ಕಿಂತ ಚಿಕ್ಕದಾದ ಎನ್ ಅಳತೆಗೆ 3 ಮಿ.ಮೀ. ದಪ್ಪ. ಕಾರ್ಕ್ ಒಣಗಿದ ಮೇಲೆ ಉಪ್ಪುಕಾಗದ ಸುತ್ತಿದ ಮರದ ತುಂಡನ್ನು ಅದರ ಮೇಲೆ ಒಮ್ಮೆ ಓಡಿಸಿ, ಉಬ್ಬು ತೆಗೆಯಿರಿ. ಈಗ ಕಾರ್ಕ್ ಮೇಲೆ ಒಂದು ಎಳೆ ಸೀಲಂಟ್ ಹಾಕಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಸವರಿ. ಕಾರ್ಕಿನ ಚುಕ್ಕೆಗಳು ಅದರೊಳಗಿಂದ ಕಾಣುವಷ್ಟು ತೆಳ್ಳಗೆ. ಹಳಿ ಇಟ್ಟು ಒತ್ತಿದಾಗ ಸ್ಲೀಪರ್ ಸಂದಿಯಿಂದ ಸೀಲಂಟ್ ಮೇಲೆ ಉಕ್ಕಿದರೆ ಜಾಸ್ತಿಯಾಯಿತೆಂದೇ ಅರ್ಥ. ಒಂದು ಸಲಕ್ಕೆ ಒಂದು ಉದ್ದದ ಹಳಿ ಮಾತ್ರ, ಸುಮಾರು 900 ಮಿ.ಮೀ. ಹತ್ತು ನಿಮಿಷದೊಳಗೆ ನೇರ ಮಾಡಿಕೊಳ್ಳಿ, ಗುಂಡುಸೂಜಿ ಚುಚ್ಚಿ ಹಿಡಿದಿಡಿ, ಮೇಲೆ ಭಾರ ಹೇರಿ ರಾತ್ರಿ ಬಿಡಿ.

ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು, ಬರುವ ಜಾಗದಲ್ಲಿ ಅತ್ತಿತ್ತ ಸರಿಯುವ ನಾಲಗೆ ಹಳಿಗಳ ಅಡಿಗೆ, ಅವನ್ನು ಸರಿಸುವ ಅಡ್ಡಪಟ್ಟಿಯ ಅಡಿಗೆ ಒಂದು ತೊಟ್ಟೂ ಅಂಟು ಹೋಗಬಾರದು. ಪಾಯಿಂಟನ್ನು ಎರಡೂ ತುದಿಯಲ್ಲಿ ಸೇರುವ ಹಳಿಗಳೇ ಹಿಡಿದುಕೊಂಡಿರುತ್ತವೆ, ಅದಕ್ಕೆ ಬೇರೆ ಅಂಟು ಬೇಕಿಲ್ಲ.

ಪ್ರಶ್ನೆ: ಮರಕ್ಕಿಂತ ಫೋಮಿನಲ್ಲಿ ಸದ್ದು ಕಡಿಮೆ ಎಂದು ಕೇಳಿದ್ದೆ. ನಮ್ಮಲ್ಲಿ ಜಲ್ಲಿ ಹಾಕಿದ ಮೇಲೆ ಡೋಲು ಬಾರಿಸಿದ ಹಾಗೆ ಕೇಳಿಸುತ್ತಿದೆ.

ಉತ್ತರ: ಫೋಮ್ ಹಗುರ, ಗಡುಸು. ಅಂಥ ಹಲಗೆಯನ್ನು ಟೊಳ್ಳು ಚೌಕಟ್ಟಿನ ಮೇಲೆ ಬಿಗಿದರೆ ಅದು ಡೋಲಿನ ಚರ್ಮವೇ. ಸದ್ದು ಫೋಮಿನಲ್ಲಿ ಹುಟ್ಟುವುದಲ್ಲ, ಹಳಿಯಿಂದ ಅಲ್ಲಿಗೆ ಇಳಿಯುವುದು. ಕಾರ್ಕ್ ಮತ್ತು ಮೆತ್ತಗಿನ ಸೀಲಂಟ್ ಅದನ್ನು ನಡುದಾರಿಯಲ್ಲಿ ತಡೆಯುತ್ತವೆ. ಜಲ್ಲಿಗೆ ಹಾಕಿದ ಬಿಳಿ ಅಂಟು ಕಲ್ಲಿನಂತೆ ಗಟ್ಟಿಯಾಗಿ ಸ್ಲೀಪರಿನಿಂದ ಕಾರ್ಕಿನ ಇಳಿಜಾರು ದಾಟಿ ಫೋಮಿನವರೆಗೆ ಹರಡಿದ್ದರೆ ಸದ್ದಿಗೆ ಸೇತುವೆ ಕಟ್ಟಿಕೊಟ್ಟಂತೆ. ನಿಮ್ಮಲ್ಲಿ ಆಗಿರುವುದು ಅದೇ.

ಮುಂದಿನ ಭಾಗಕ್ಕೆ ಜಲ್ಲಿಯನ್ನು ಕಾರ್ಕಿನ ಇಳಿಜಾರಿನಲ್ಲೇ ನಿಲ್ಲಿಸಿ, ಫೋಮಿಗೆ ಮುಟ್ಟಿಸಬೇಡಿ. ಬಿಳಿ ಅಂಟಿನ ಬದಲು ಒಣಗಿದ ಮೇಲೂ ಬಗ್ಗುವ ಅಕ್ರಿಲಿಕ್ ಮ್ಯಾಟ್ ಮಾಧ್ಯಮವನ್ನು (ಚಿತ್ರ ಬಿಡಿಸುವವರು ಬಣ್ಣಕ್ಕೆ ಬೆರೆಸುವ ಹೊಳಪಿಲ್ಲದ ದ್ರವ) ಒಂದಕ್ಕೆ ಮೂರು ಪಾಲು ನೀರು ಬೆರೆಸಿ ಬಳಸಿ. ಈಗಾಗಲೇ ಆದದ್ದಕ್ಕೆ ಹಲಗೆಯ ಅಡಿಯಲ್ಲಿ, ಅಡ್ಡಪಟ್ಟಿಗಳ ನಡುವಿನ ಜಾಗದಲ್ಲಿ ದಪ್ಪ ಕಾರ್ಪೆಟ್ ಅಥವಾ ರಬ್ಬರ್ ಹಾಸಿನ ತುಂಡುಗಳನ್ನು ಅಂಟಿಸಿ. ಹಲಗೆಗೆ ತೂಕ ಬಂದಷ್ಟೂ ನಡುಕ ಕಡಿಮೆ. ಪೂರ್ತಿ ಹೋಗುವುದಿಲ್ಲ, ತಗ್ಗುತ್ತದೆ.

ಪ್ರಶ್ನೆ: ಪಾಯಿಂಟ್ ಮೋಟಾರನ್ನು 50 ಮಿ.ಮೀ. ಫೋಮಿನ ಅಡಿಯಲ್ಲಿ ಕೂರಿಸಿದೆ. ಮೋಟಾರು ತಿರುಗುತ್ತದೆ, ತಂತಿಯೂ ಅಲುಗುತ್ತದೆ, ಮೇಲೆ ನಾಲಗೆ ಹಳಿ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ದಪ್ಪ ತಂತಿ ಹಾಕಿದರೆ ಸರಿಹೋದೀತೇ?

ಉತ್ತರ: ಸ್ವಲ್ಪ ಸರಿಹೋದೀತು, ಪೂರ್ತಿ ಅಲ್ಲ. ತಂತಿಯ ಉದ್ದ ಮೂರು ಪಟ್ಟಾದರೆ ಅದರ ಬಿಗಿತ 27ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪವನ್ನು 0.8ರಿಂದ 1.2 ಮಿ.ಮೀ.ಗೆ ಏರಿಸಿದರೆ ಬಿಗಿತ ಬರಿ ಐದು ಪಟ್ಟು ಹೆಚ್ಚುತ್ತದೆ. ತೆಳು ಪ್ಲೈಗೆಂದು ಮಾಡಿದ 20 ಮಿ.ಮೀ. ತಂತಿಯ ಕೆಲಸವನ್ನು 60 ಮಿ.ಮೀ. ತಂತಿಯಿಂದ ಮಾಡಿಸುವಾಗ ಈ ಲೆಕ್ಕ ಹೊಂದುವುದೇ ಇಲ್ಲ. 1.6 ಮಿ.ಮೀ. ಹಾಕಿ ಹೊಂದಿಸೋಣವೆಂದರೆ ಅದು ಪಾಯಿಂಟಿನ ಅಡ್ಡಪಟ್ಟಿಯ ತೂತಿಗೆ ಹಿಡಿಸುವುದಿಲ್ಲ.

ತಂತಿ ಉದ್ದ ಮಾಡುವ ಬದಲು ಮೋಟಾರನ್ನೇ ಮೇಲಕ್ಕೆ ತನ್ನಿ. ಪಾಯಿಂಟಿನ ಅಡ್ಡಪಟ್ಟಿ ಬರುವ ಜಾಗವನ್ನು ಗುರುತು ಮಾಡಿ, ಮೋಟಾರಿಗಿಂತ ಎಲ್ಲ ಕಡೆಗೂ 10 ಮಿ.ಮೀ. ಹೆಚ್ಚಿರುವ ಚೌಕವನ್ನು ಫೋಮಿನಲ್ಲಿ ಆರಪಾರ ಕತ್ತರಿಸಿ. ಅದಕ್ಕಿಂತ ಸುತ್ತಲೂ 25 ಮಿ.ಮೀ. ದೊಡ್ಡದಾದ 4 ಮಿ.ಮೀ. ಪ್ಲೈ ತುಂಡನ್ನು ತೆಗೆದುಕೊಂಡು, ಫೋಮಿನ ಮೇಲ್ಮುಖದಲ್ಲಿ ಅಷ್ಟೇ ಆಳದ ಮೆಟ್ಟಿಲು ಕೆತ್ತಿ, ಪ್ಲೈ ಫೋಮಿಗೆ ಸಮಮಟ್ಟವಾಗುವಂತೆ ಅಂಟಿಸಿ. ಪ್ಲೈನಲ್ಲಿ ತಂತಿ ಓಡಾಡಲು 8 ಮಿ.ಮೀ. ತೂತು. ಮೋಟಾರನ್ನು ಅಡಿಯಿಂದ ಈ ಗೂಡಿನೊಳಕ್ಕೆ ತೂರಿಸಿ ಪ್ಲೈಗೇ ಸ್ಕ್ರೂ ಹಾಕಿ. ಸ್ಕ್ರೂ ಮೊನೆ ಮೇಲೆ ಇಣುಕದಂತೆ ಉದ್ದ ನೋಡಿಕೊಳ್ಳಿ. ಮೋಟಾರಿಗೆ ಬೇಕಾದದ್ದು ಸ್ಕ್ರೂ ಹಿಡಿಯುವ ಗಟ್ಟಿ ಜಾಗ, ತಂತಿಗೆ ಬೇಕಾದದ್ದು ಹತ್ತಿರ. ಎರಡೂ ಸಿಕ್ಕಿತು.

ಕೈಯಿಂದ ಎಳೆಯುವುದಕ್ಕೆ ಬೇಸರವಿಲ್ಲದಿದ್ದರೆ ಇನ್ನೂ ಸರಳ ದಾರಿಯಿದೆ. ಫೋಮಿನ ಮೇಲೆ ಪಾಯಿಂಟಿನಿಂದ ಅಂಚುಪಟ್ಟಿಯವರೆಗೆ 4 ಮಿ.ಮೀ. ಆಳದ ಗೀರು ಕೊಯ್ದು, ಅದರೊಳಗೆ 2 ಮಿ.ಮೀ. ಒಳಗಂಡಿಯ ಪ್ಲಾಸ್ಟಿಕ್ ಕೊಳವೆ ಕೂರಿಸಿ, ಒಳಗೆ 1 ಮಿ.ಮೀ. ಉಕ್ಕಿನ ತಂತಿ ಓಡಿಸಿ. ಅಂಚಿನಲ್ಲೊಂದು ಗುಬುಟು. ತಿರುವು ಹೆಚ್ಚಿದ್ದಷ್ಟೂ ತಂತಿ ಬಿಗಿಯುತ್ತದೆ, ಆದಷ್ಟು ನೇರ ಇರಲಿ. ಮೋಟಾರಾಗಲಿ ತಂತಿಯಾಗಲಿ, ಹಳಿ ಹಾಸುವ ಮುನ್ನವೇ ಕೂರಿಸಿ ಐವತ್ತು ಸಲ ಆಡಿಸಿ ನೋಡಿ.

ಪ್ರಶ್ನೆ: ವೈರಿಂಗ್ ಹೇಗೆ ಮಾಡಬೇಕು? ಹಳಿಗೆ ಬೆಸುಗೆ ಹಾಕುವಾಗ ಸ್ಲೀಪರ್ ಕರಗಿ, ಅಡಿಯ ಫೋಮಿಗೂ ಹೊಂಡ ಬಿತ್ತು.

ಉತ್ತರ: ಬೆಸುಗೆ ಕಡ್ಡಿಯ ತುದಿ 350 ಡಿಗ್ರಿ, ಪಾಲಿಸ್ಟೈರೀನ್ ಮೆತ್ತಗಾಗಲು 100 ಡಿಗ್ರಿ ಸಾಕು. ಹಳಿಯಲ್ಲಿ ಹರಿದ ಶಾಖವೇ ಕೆಲಸ ಕೆಡಿಸುತ್ತದೆ. ಉಪಾಯವೆಂದರೆ ಹಳಿಯನ್ನು ಹಲಗೆಗೆ ತರುವ ಮೊದಲೇ, ಮೇಜಿನ ಮೇಲೆ ಮಗುಚಿಟ್ಟುಕೊಂಡು, ಎರಡು ಸ್ಲೀಪರ್ ನಡುವಿನ ಪ್ಲಾಸ್ಟಿಕ್ ಜೋಡಣೆ ಕತ್ತರಿಸಿ ಹಳಿಯ ತಳಕ್ಕೆ ವೈರು ಬೆಸೆದುಬಿಡುವುದು. ಹಳಿ ಹಾಸಿಯಾಗಿದ್ದರೆ, ಬೆಸೆಯುವ ಜಾಗದ ಎರಡೂ ಬದಿ ಹಳಿಯ ಮೇಲೆ ಒದ್ದೆ ಹತ್ತಿ ಇಡಿ. ಹಳಿಗೂ ವೈರಿಗೂ ಮೊದಲೇ ಸೀಸ ಬಳಿದಿಟ್ಟು, ಕಡ್ಡಿಯನ್ನು ಎರಡು ಸೆಕೆಂಡಿನಲ್ಲಿ ಮುಟ್ಟಿಸಿ ತೆಗೆಯಿರಿ. ಶಾಖ ಕಡಿಮೆ ಮಾಡಿ ಹೆಚ್ಚು ಹೊತ್ತು ಹಿಡಿಯುವುದು ತಪ್ಪು. ಆಗಲೇ ಸ್ಲೀಪರ್ ಕರಗುವುದು.

ಪ್ರತಿ 900 ಮಿ.ಮೀ. ಹಳಿಗೂ ಕರೆಂಟು ತರುವ ಒಂದು ಜೊತೆ ಫೀಡರ್ ವೈರು ಇರಲಿ, 0.5 ಚದರ ಮಿ.ಮೀ. ಸಾಕು. ಅಡಿಯಲ್ಲಿ ಓಡುವ ಮುಖ್ಯ ಜೋಡಿ 1.5 ಚದರ ಮಿ.ಮೀ.; 5 ಆಂಪಿಯರ್ ಡಿಸಿಸಿ (ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ನಡೆಸುವ ಡಿಜಿಟಲ್ ಕಂಟ್ರೋಲ್) ಇದ್ದು ಉದ್ದವೂ ಹೆಚ್ಚಿದ್ದರೆ 2.5. ಮುಖ್ಯ ವೈರನ್ನು ಮರದ ಅಡ್ಡಪಟ್ಟಿಗಳಿಗೆ ಕ್ಲಿಪ್ ಹೊಡೆದು ಒಯ್ಯಿರಿ, ಫೋಮಿಗೆ ಸಿಕ್ಕಿಸಬೇಡಿ.

ಮೇಲಿನಿಂದ ಅಡಿಗೆ ವೈರು ಇಳಿಸಲು ಬಿದಿರು ಕಡ್ಡಿ ಚುಚ್ಚಿ ದಾರಿ ಮಾಡಿ, ಅದರಲ್ಲಿ ಜ್ಯೂಸ್ ಕುಡಿಯುವ ಪ್ಲಾಸ್ಟಿಕ್ ಸ್ಟ್ರಾ ಕೂರಿಸಿ, ವೈರನ್ನು ಅದರೊಳಗೆ ಬಿಡಿ. ಸ್ಟ್ರಾ ಬೇಕಿರುವುದು ಅನುಕೂಲಕ್ಕೆ ಮಾತ್ರವಲ್ಲ. ವೈರಿನ ಪಿವಿಸಿ ಹೊದಿಕೆ ಮೆತ್ತಗಿರಲೆಂದು ಅದರಲ್ಲಿ ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ಪಿವಿಸಿ ಪಾಲಿಸ್ಟೈರೀನಿಗೆ ವರ್ಷಗಟ್ಟಲೆ ತಾಗಿಕೊಂಡಿದ್ದರೆ ಆ ಎಣ್ಣೆ ಫೋಮಿಗೆ ಇಳಿಯುತ್ತದೆ. ಫೋಮ್ ಅಲ್ಲಿ ಕುಗ್ಗಿ ಅಂಟಂಟಾಗುತ್ತದೆ, ವೈರಿನ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಕಟ್ಟಡಗಳ ಗೋಡೆಗೆ ಫೋಮ್ ಹಾಕುವವರು ವೈರನ್ನು ದೂರ ಇಡುವುದು ಇದೇ ಕಾರಣಕ್ಕೆ.

ಡಿಸಿಸಿ ಇದ್ದರೆ ಕೆಲಸ ಮುಗಿದ ಮೇಲೆ ಲೇಔಟಿನ ಹಲವು ಕಡೆ ಎರಡೂ ಹಳಿಗೆ ಅಡ್ಡಲಾಗಿ ನಾಣ್ಯ ಇಟ್ಟು ನೋಡಿ. ಬೂಸ್ಟರ್, ಅಂದರೆ ಹಳಿಗೆ ಕರೆಂಟು ಕೊಡುವ ಪೆಟ್ಟಿಗೆ, ತಕ್ಷಣ ಕೈಬಿಡಬೇಕು, ಕರೆಂಟು ಕಡಿಯಬೇಕು. ಕೈಬಿಡದ ಜಾಗದಲ್ಲಿ ಫೀಡರ್ ಸಾಲದು ಎಂದರ್ಥ. ಅಲ್ಲಿ ಶಾರ್ಟ್ ಆದರೆ ಪೂರ್ತಿ ಕರೆಂಟು ಹರಿಯುತ್ತಲೇ ಇದ್ದು ಹಳಿಯ ಅಡಿಯೆಲ್ಲ ಕರಗುತ್ತದೆ.

ಪ್ರಶ್ನೆ: ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕು, ಪಕ್ಕದಲ್ಲೊಂದು ಹೊಳೆಯೂ ಬೇಕು. ಎಚ್‌ಓ ಅಳತೆ. ಏರು ಎಷ್ಟಿರಬೇಕು?

ಉತ್ತರ: ಇಂಥ ಕೆಲಸಕ್ಕೇ ಫೋಮ್ ಹೇಳಿಮಾಡಿಸಿದ್ದು. ಎಚ್‌ಓದಲ್ಲಿ ಕೆಳಗಿನ ಹಳಿಯಿಂದ ಮೇಲಿನ ಹಳಿಗೆ 75 ಮಿ.ಮೀ. ಬೇಕು. ಶೇಕಡಾ 3ರ ಏರಿನಲ್ಲಿ 75 ಮಿ.ಮೀ. ಏರಲು 2.5 ಮೀಟರ್ ಉದ್ದ, ಏರಿದ್ದು ಇಳಿಯಲು ಮತ್ತೆ ಅಷ್ಟೇ. ಶೇಕಡಾ 2 ಆದರೆ ಒಂದೊಂದು ಕಡೆಗೆ 3.75 ಮೀಟರ್. ಸಣ್ಣ ಲೇಔಟಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು?

ಮರದ ತಳದಲ್ಲಿ ಏರುವುದೊಂದೇ ದಾರಿ. ಫೋಮಿನಲ್ಲಿ ಇಳಿಯಲೂಬಹುದು. ಕೆಳಗಿನ ಹಳಿಯನ್ನು 35 ಮಿ.ಮೀ. ಆಳಕ್ಕೆ ಕೆತ್ತಿ ಇಳಿಸಿ, ಮೇಲಿನದನ್ನು 40 ಮಿ.ಮೀ. ಮಾತ್ರ ಏರಿಸಿ. ಶೇಕಡಾ 3ರಲ್ಲಿ 40 ಮಿ.ಮೀ. ಏರಲು 1.33 ಮೀಟರ್ ಸಾಕು. ಏರು ಶುರುವಾಗುವ, ಮುಗಿಯುವ ಕಡೆ ಥಟ್ಟನೆ ಮುರಿಯದಂತೆ 200 ಮಿ.ಮೀ. ಹದವಾದ ತಿರುವು ಬೇರೆ ಸೇರಿಸಿ, ಇಲ್ಲದಿದ್ದರೆ ಡಬ್ಬಿಗಳ ಕೊಂಡಿ ಕಳಚುತ್ತದೆ. ಕೆತ್ತಿದ ಜಾಗದಲ್ಲಿ ಅಡಿಗೆ ಉಳಿಯುವುದು 15 ಮಿ.ಮೀ. ಫೋಮ್, ಅಲ್ಲಿ ಕೆಳಗಿನಿಂದ 4 ಮಿ.ಮೀ. ಪ್ಲೈ ತೇಪೆ ಹಾಕಿ.

ಏರುಹಾದಿಗೆ 60 ಮಿ.ಮೀ. ಅಗಲದ ಫೋಮ್ ಪಟ್ಟಿಯನ್ನು ಬೆಣೆಯಂತೆ ಕೊಯ್ದು, ಎರಡೂ ಪಕ್ಕದಿಂದ ಒಂದು ಬಿಟ್ಟು ಒಂದರಂತೆ 20 ಮಿ.ಮೀ.ಗೊಂದು ಸೀಳು ಹಾಕಿ. ಪ್ರತಿ ಸೀಳೂ ಎದುರಿನ ಅಂಚಿಗೆ 10 ಮಿ.ಮೀ. ಮುನ್ನ ನಿಲ್ಲಬೇಕು. ಪಟ್ಟಿ ಈಗ ತಿರುವಿಗೆ ಹಾವಿನ ಹಾಗೆ ಬಾಗುತ್ತದೆ.

ಕೊಯ್ಯಲು 18 ಮಿ.ಮೀ. ಕಟರ್, ಹೊಸ ಅಲಗು. ಮೊಂಡಾದ ಅಲಗು ಫೋಮನ್ನು ಕತ್ತರಿಸುವುದಿಲ್ಲ, ಕಿತ್ತುತ್ತದೆ. ಕೊಯ್ಯುವಾಗ ಕೀಚಲು ಸದ್ದು ಬಂದರೆ ಅಲಗು ಮುರಿದು ಮುಂದಿನದಕ್ಕೆ ಹೋಗಿ. ಬಿಸಿ ತಂತಿ ಬಳಸಿದರೆ ತಂತಿ ಕೆಂಪಾಗಬಾರದು, ಹೊಗೆ ಏಳಬಾರದು. ಎದ್ದರೆ ಶಾಖ ಜಾಸ್ತಿಯಾಗಿದೆ. ಆ ಹೊಗೆಯಲ್ಲಿ ಸ್ಟೈರೀನ್ ಇರುತ್ತದೆ, ಕಿಟಕಿ ತೆರೆದೇ ಕೆಲಸ ಮಾಡಿ. ಉಜ್ಜಿದ ಪುಡಿ ವಿದ್ಯುದಾವೇಶದಿಂದ ಕೈಗೂ ಗೋಡೆಗೂ ಮೆತ್ತಿಕೊಳ್ಳುತ್ತದೆ, ಪೊರಕೆ ಹಿಡಿದರೆ ಹಾರುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿ ಪಕ್ಕದಲ್ಲಿಟ್ಟುಕೊಂಡೇ ಉಜ್ಜಿ, ಮಾಸ್ಕ್ ಇರಲಿ.

ಹೊಳೆಯ ಪಾತ್ರವನ್ನು ಕೆತ್ತಿ, ಪ್ಲಾಸ್ಟರ್ ತೆಳ್ಳಗೆ ಬಳಿದು, ಎರಡು ಕೈ ಅಕ್ರಿಲಿಕ್ ಬಣ್ಣ ಹೊಡೆಯಿರಿ. ಎಳ್ಳಷ್ಟು ಬಿರುಕಿದ್ದರೂ ರೆಸಿನ್ ನೆಲಕ್ಕಿಳಿಯುತ್ತದೆ. ಎಪಾಕ್ಸಿ ರೆಸಿನ್ನೇ ಆಗಬೇಕು, ಪಾಲಿಯೆಸ್ಟರ್ ರೆಸಿನ್ ಫೋಮನ್ನು ಕರಗಿಸುತ್ತದೆ. ಎಪಾಕ್ಸಿಯೂ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದಪ್ಪ ಸುರಿದಷ್ಟೂ ಹೆಚ್ಚು. 3 ಮಿ.ಮೀ.ನಂತೆ ಸುರಿದು, ಒಂದು ದಿನ ಬಿಟ್ಟು ಮುಂದಿನ ಪದರ ಹಾಕಿ.

ಪ್ರಶ್ನೆ: ಬೇಸಿಗೆಯಲ್ಲಿ ಹಾಸಿದ ಹಳಿ ಚಳಿಗಾಲದಲ್ಲಿ ಸೊಟ್ಟಗಾಗಿ ಎದ್ದಿದೆ. ಬಿಸಿಗೆ ಹಿಗ್ಗುವುದು ಸರಿ, ಚಳಿಗೆ ಏಕೆ?

ಉತ್ತರ: ಹಿಗ್ಗಿದ್ದು ಹಳಿಯಲ್ಲ, ಕುಗ್ಗಿದ್ದು ಫೋಮ್. ಒಂದು ಡಿಗ್ರಿಗೆ ಒಂದು ಮೀಟರ್ ಎಕ್ಸ್‌ಪಿಎಸ್ ಸುಮಾರು 0.07 ಮಿ.ಮೀ. ಹಿಗ್ಗಿ ಕುಗ್ಗುತ್ತದೆ, ನಿಕಲ್ ಸಿಲ್ವರ್ ಹಳಿ 0.017 ಮಿ.ಮೀ. ಮಾತ್ರ. 2.4 ಮೀಟರ್ ಹಲಗೆಯಲ್ಲಿ 15 ಡಿಗ್ರಿ ತಂಪಾದರೆ ಫೋಮ್ 2.5 ಮಿ.ಮೀ. ಕುಗ್ಗಲು ನೋಡುತ್ತದೆ, ಹಳಿ 0.6. ಚೌಕಟ್ಟಿಗೆ ಅಂಟಿಸಿದ್ದರೆ ಫೋಮಿನ ಆಟ ಅಷ್ಟಿಷ್ಟು ತಗ್ಗುತ್ತದೆ, ನಿಲ್ಲುವುದಿಲ್ಲ. ಸಂದು ಬಿಡದೆ ಹಾಸಿದ್ದ ಹಳಿಗೆ ಆಗ ಮೇಲೇಳದೆ ದಾರಿಯಿಲ್ಲ.

ಬೇಸಿಗೆಯಲ್ಲಿ ಹಾಸುವವರು ಪ್ರತಿ ಜೋಡಣೆಯಲ್ಲಿ 1 ಮಿ.ಮೀ., ಅಂದರೆ ದಪ್ಪ ಪೋಸ್ಟ್‌ಕಾರ್ಡನ್ನು ಮೂರು ನಾಲ್ಕು ಮಡಿಕೆ ಮಾಡಿದಷ್ಟು ಸಂದು ಬಿಡಿ. ಚಳಿಯಲ್ಲಿ ಹಾಸಿದರೆ ಸಂದು ಕೂದಲೆಳೆಯಷ್ಟು ಸಾಕು, ಬಿಸಿಗೆ ತಾನೇ ಅಗಲವಾಗುತ್ತದೆ. ಜೋಡಣೆಗಳನ್ನು ತಿರುವಿನಲ್ಲಿ ಮಾತ್ರ ಬೆಸೆಯಿರಿ, ನೇರ ಹಾದಿಯಲ್ಲಿ ಸಡಿಲ ಬಿಡಿ. ಕರೆಂಟಿಗೆ ಫೀಡರ್ ಇದ್ದೇ ಇದೆ. ಈಗ ಎದ್ದಿರುವ ಜಾಗದಲ್ಲಿ ತೆಳು ಗರಗಸದಿಂದ ಹಳಿಗೆ ಒಂದು ಸಂದು ಕೊಯ್ದು, ಪುಟ್ಟಿ ಅಲಗಿನಿಂದ ಬಿಡಿಸಿ ಮತ್ತೆ ಅಂಟಿಸಿ.

ಪ್ರಶ್ನೆ: ಎರಡೂ ಬದಿ ಕಾಗದವಿರುವ 5 ಮಿ.ಮೀ. ಫೋಮ್ ಬೋರ್ಡ್‌ನಲ್ಲೇ ಎನ್ ಅಳತೆಯ ಪುಟ್ಟ ಲೇಔಟ್ ಮಾಡಬಹುದೇ?

ಉತ್ತರ: 300 × 600 ಅಳತೆಯಷ್ಟಾದರೆ ಮಾಡಬಹುದು, ಮರವೇ ಬೇಡ. 70 ಮಿ.ಮೀ. ಎತ್ತರದ ಪಟ್ಟಿಗಳನ್ನು 150 ಮಿ.ಮೀ.ಗೊಂದರಂತೆ ಅಡ್ಡ ಉದ್ದ ನಿಲ್ಲಿಸಿ, ಅರ್ಧಕ್ಕರ್ಧ ಸೀಳು ಕೊಯ್ದು ಒಂದಕ್ಕೊಂದು ಕೂರಿಸಿ, ಮೊಟ್ಟೆಯ ಟ್ರೇ ಥರ ಒಳಗಟ್ಟು ಮಾಡಿ. ಮೇಲೆ ಹಾಸು, ಕೆಳಗೆ ಹಾಸು, ಎಲ್ಲ ಬಿಳಿ ಅಂಟಿನಲ್ಲೇ; ಇಲ್ಲಿ ಕಾಗದ ನೀರು ಹೀರುವುದರಿಂದ ಒಣಗುತ್ತದೆ. ವೈರಿನ ತೂತುಗಳನ್ನು ಕೆಳಹಾಸು ಮುಚ್ಚುವ ಮುನ್ನವೇ ಮಾಡಿಕೊಳ್ಳಿ.

ಇದರ ಶತ್ರು ತೇವ. ಒಂದು ಮುಖಕ್ಕೆ ಮಾತ್ರ ಬಣ್ಣ ಹೊಡೆದರೆ ಆ ಕಾಗದ ಒಣಗುವಾಗ ಬಿಗಿದು ಇಡೀ ಹಲಗೆಯನ್ನು ದೋಣಿಯಂತೆ ಬಗ್ಗಿಸುತ್ತದೆ. ಕತ್ತರಿಸುವ ಮುನ್ನವೇ ಎರಡೂ ಮುಖಕ್ಕೆ ಒಟ್ಟೊಟ್ಟಿಗೆ ಅಕ್ರಿಲಿಕ್ ಬಣ್ಣ ಬಳಿಯಬೇಡಿ, ಆಗ ಅಂಟು ಹಿಡಿಯುವುದಿಲ್ಲ. ಪೆಟ್ಟಿಗೆ ಕಟ್ಟಿ ಒಣಗಿದ ಮೇಲೆ ಮೇಲೂ ಕೆಳಗೂ ಒಂದೇ ದಿನ ಬಳಿಯಿರಿ. ಎರಡು ಪೆಟ್ಟಿಗೆ ಬೋಲ್ಟ್ ಹಾಕಿ ಜೋಡಿಸುವುದಿದ್ದರೆ ಆ ತುದಿಗಳಿಗೆ 4 ಮಿ.ಮೀ. ಪ್ಲೈ ಅಂಟಿಸಿ, ಬೋಲ್ಟ್ ಬಿಗಿತಕ್ಕೆ ಬರಿ ಫೋಮ್ ನುಜ್ಜಾಗುತ್ತದೆ.

ಪ್ರಶ್ನೆ: ಬೆಂಕಿಯ ಅಪಾಯ ಎಷ್ಟು? ಮಕ್ಕಳೂ ಆಡುತ್ತಾರೆ.

ಉತ್ತರ: ಪಾಲಿಸ್ಟೈರೀನ್ ಉರಿಯುತ್ತದೆ, ಉರಿದರೆ ದಟ್ಟ ಕಪ್ಪು ಹೊಗೆ ಬರುತ್ತದೆ. ಕಟ್ಟಡದ ದರ್ಜೆಯ ಹಲಗೆಯಲ್ಲಿ ಬೆಂಕಿ ನಿಧಾನಿಸುವ ಪದಾರ್ಥ ಬೆರೆಸಿರುತ್ತಾರೆ. ಅದು ಹತ್ತಿಕೊಳ್ಳುವುದನ್ನು ತಡ ಮಾಡುತ್ತದೆಯೇ ಹೊರತು ತಪ್ಪಿಸುವುದಿಲ್ಲ. ಮೇಲ್ಮೈಯನ್ನೆಲ್ಲ ಪ್ಲಾಸ್ಟರ್, ಬಣ್ಣದಿಂದ ಮುಚ್ಚಿ, ಬರಿಯ ಫೋಮ್ ಹೊರಗೆ ಕಾಣುವಂತೆ ಬಿಡಬೇಡಿ. ಬಿಸಿಲಿಗೆ ಹಳದಿಯಾಗಿ ಪುಡಿ ಏಳುವುದೂ ಅದರಿಂದ ತಪ್ಪುತ್ತದೆ. ಮನೆಗಳ ಒಳಗೆ ಎಲ್‌ಇಡಿ ದೀಪ ಮಾತ್ರ. ಟ್ರಾನ್ಸ್‌ಫಾರ್ಮರನ್ನು ಲೇಔಟಿನ ಮೇಲೂ ಅಡಿಗೂ ಫೋಮಿಗೆ ತಾಗಿಸದೆ, ಗಾಳಿಯಾಡುವ ಬೇರೆ ಹಲಗೆಯ ಮೇಲಿಡಿ. ಆಟ ಮುಗಿದ ಮೇಲೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟುಹೋಗಬೇಡಿ. 75 ಡಿಗ್ರಿ ದಾಟಿದರೆ ಹಲಗೆ ಸೊಟ್ಟಗಾಗುತ್ತದೆ, ಗಾಜಿನ ಪಕ್ಕ ಬಿಸಿಲು ಬಿದ್ದ ಕಪ್ಪು ಬಣ್ಣದ ಮೇಲ್ಮೈ ಆ ಮಟ್ಟಕ್ಕೆ ಹೋಗಬಲ್ಲದು.